ಕಿಣ್ವವಿಲ್ಲದ ನಳಿಕೆ

ಬಿಂದುಮಾಧವ ಸರ್ ಅವರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಒಂದು ಕಿಣ್ವ ಇತ್ತು.

ಮೂವತ್ತು ವರ್ಷದ ಹಿಂದೆ ನದಿಯ ಕೆಸರಿನ ಬ್ಯಾಕ್ಟೀರಿಯಾದಿಂದ ಅವರು ಆ ಎನ್‌ಜೈಮನ್ನು ತೆಗೆದಿದ್ದರು. ಬೇರೆ ಪ್ರೋಟೀನುಗಳು ಕುದಿಯುವ ನೀರಿಗೆ ಬಿದ್ದರೆ ಬೇಯಿಸಿದ ಮೊಟ್ಟೆಯಂತೆ ಗಟ್ಟಿಯಾಗಿ ಕೆಲಸ ನಿಲ್ಲಿಸುತ್ತವೆ. ಇದು ಮಾತ್ರ ಆ ಬಿಸಿಯಲ್ಲೂ ಕೆಲಸ ಮಾಡುತ್ತದೆ ಎಂದು ಸರ್ ಲೇಖನ ಬರೆದರು. ಜನ ಹೊಗಳಿದರು, ಆಮೇಲೆ ಮರೆತರು. ಸರ್ ಮರೆಯಲಿಲ್ಲ.

ನದಿ ದಂಡೆಯ ಆ ಪುಟ್ಟ ಪ್ರಯೋಗಾಲಯದಲ್ಲಿ ಈಗ ಇದ್ದವರು ಇಬ್ಬರೇ. ಸರ್, ಮತ್ತು ಅವರ ಕೊನೆಯ ಶಿಷ್ಯೆ ಮಹಾನಂದಾ.

ಪ್ರಯೋಗ ಸರಳ. ಬಣ್ಣವಿಲ್ಲದ ದ್ರಾವಣಕ್ಕೆ ಕಿಣ್ವ ಹಾಕಿ ಕುದಿನೀರಿನಲ್ಲಿ ಇಡಬೇಕು. ಕಿಣ್ವ ಕೆಲಸ ಮಾಡಿದರೆ ದ್ರಾವಣ ಹಳದಿಯಾಗುತ್ತದೆ. ಹೋಲಿಸಿ ನೋಡಲು ಕಿಣ್ವ ಹಾಕದ ಇನ್ನೊಂದು ನಳಿಕೆ ಮೇಜಿನ ಮೇಲೆ, ಸ್ಟ್ಯಾಂಡಿನಲ್ಲಿ ಇರುತ್ತದೆ. ಸರ್ ಕಲಿಸಿದ್ದು ಹಾಗೆ.

ಒಂದು ದಿನ ಮಹಾನಂದಾ ಆ ನಳಿಕೆಯನ್ನೂ ಕುದಿನೀರಿಗೆ ಇಳಿಸಿದಳು.

ಎರಡೂ ಹಳದಿಯಾದವು.

ಅವಳು ಹನ್ನೊಂದು ಸಲ ಮಾಡಿ ನೋಡಿದಳು. ಹನ್ನೊಂದು ಸಲವೂ ಅಷ್ಟೇ.

ಯಾರಿಗಾದರೂ ಹೇಳೋಣವೆಂದರೆ ಅಲ್ಲಿದ್ದವರು ಸರ್ ಒಬ್ಬರೇ. ಅವರಿಗೆ ಹೇಳುವ ಧೈರ್ಯ ಅವಳಿಗೆ ಇರಲಿಲ್ಲ.

ಮೊದಲೆಲ್ಲ ಮಧ್ಯಾಹ್ನ ಇಬ್ಬರೂ ಒಂದೇ ಮೇಜಿಗೆ ಕೂತು ಊಟ ಮಾಡುತ್ತಿದ್ದರು. ಸರ್ ಅವಳ ಶೇಂಗಾ ಚಟ್ನಿಗೆ ಕೈ ಚಾಚುತ್ತಿದ್ದರು. ಈಗ ಅವಳು ರೊಟ್ಟಿ ಕಟ್ಟಿಕೊಂಡು ಹೊಳೆಯ ಮೆಟ್ಟಿಲಿಗೆ ಹೋಗತೊಡಗಿದಳು. ಸರ್ ಒಳಗೆ ಒಬ್ಬರೇ ತಿನ್ನುತ್ತಿದ್ದರು.

"ಪ್ರಯೋಗ ಹೆಂಗ ನಡದದವಾ?"

"ನಡದೈತ್ರಿ ಸರ್."

ಮೂರು ತಿಂಗಳು ಅವರ ನಡುವೆ ಇಷ್ಟೇ ಮಾತು.

ಒಂದು ಮಧ್ಯಾಹ್ನ ಸರ್ ತಾವೇ ಮೆಟ್ಟಿಲು ಇಳಿದು ಬಂದರು. ಮಂಡಿ ಹಿಡಿದುಕೊಂಡು ಅವಳ ಪಕ್ಕ ಕೂತರು.

"ಮಹಾನಂದಾ, ನನ್ನಿಂದ ಏನರೆ ತಪ್ಪಾಗೇದೇನು?"

ಅವಳು ಕೈಲಿದ್ದ ರೊಟ್ಟಿಯನ್ನು ಬುತ್ತಿಗೆ ಹಾಕಿದಳು. ಅಳು ಬಂದುಬಿಟ್ಟಿತು.

"ಹೌದ್ರಿ ಸರ್."

ಅವಳು ಎಲ್ಲವನ್ನೂ ಹೇಳಿದಳು. ಸರ್ ಎದ್ದು ಒಳಗೆ ಹೋದರು. ಅವಳು ಹಿಂದೆಯೇ ಹೋದಳು.

ಸರ್ ನೀರು ಕುದಿಯಲು ಇಟ್ಟರು. ಎರಡು ನಳಿಕೆ ತೊಳೆದರು. ಒಂದಕ್ಕೆ ಕಿಣ್ವ ಹಾಕಿದರು, ಇನ್ನೊಂದಕ್ಕೆ ಹಾಕಲಿಲ್ಲ. ಎರಡನ್ನೂ ನೀರಿಗೆ ಇಳಿಸಿ ಕೈ ಕಟ್ಟಿ ನಿಂತರು.

ಎರಡೂ ಹಳದಿಯಾದವು.

"ಬರೇ ಬಿಸಿಗೇ ಹಿಂಗಾಗತದ," ಎಂದರು ಸರ್.

"ಹೌದ್ರಿ."

"ಕಿಣ್ವ ಇಲ್ಲದ್ದಕ್ಕ ಬಿಸಿ ಯಾಕ ಅಂತ ಮೇಜಿನ ಮ್ಯಾಲೇ ಇಟ್ಟೆ ನೋಡು. ಅವತ್ತು ಬಾಜೂ ಯಾರೂ ಇರಲಿಲ್ಲ. ಇದ್ದಿದ್ರ ಕೇಳತಿದ್ರೋ ಏನೋ."

ಅವಳು ತಲೆ ತಗ್ಗಿಸಿದಳು. ಇನ್ನು ಈ ಮನುಷ್ಯನಿಗೆ ಏನು ಉಳಿಯಿತು ಎಂದು ಅವಳಿಗೆ ಅನ್ನಿಸಿತು.

ಸರ್ ಕುರ್ಚಿ ಎಳೆದುಕೊಂಡು ಕೂತರು. ಹಳೆಯ ಲೇಖನ ಪ್ರಕಟಿಸಿದ್ದ ಪತ್ರಿಕೆಗೆ ಕಾಗದ ಬರೆದರು. ನಾಲ್ಕೇ ಸಾಲು. ನಾನು ಬರೆದದ್ದು ತಪ್ಪು, ದಯವಿಟ್ಟು ಹಿಂತೆಗೆದುಕೊಳ್ಳಿ, ಪ್ರಯೋಗದ ವಿವರ ಜೊತೆಗಿದೆ. ಸಹಿ ಹಾಕಿ ಅವಳ ಕಡೆ ಸರಿಸಿದರು.

"ನೀನೂ ಹಾಕು."

"ನಾ ಯಾಕ್ರಿ ಸರ್? ನನ್ನ ಕೈಲೆ ಆಗೂದಿಲ್ರಿ."

"ಕಂಡುಹಿಡದಾಕಿ ನೀನು. ನಿನ್ನ ಹೆಸರು ನನ್ನದರ ಮ್ಯಾಲೆ ಬರೀ."

ಅವಳು ಮೇಲೆ ತನ್ನ ಹೆಸರು ಬರೆದಳು. ಅಕ್ಷರ ಸೊಟ್ಟಗಾದವು. ಸರ್ ಕಾಗದವನ್ನು ಮಡಚಿ ಲಕೋಟೆಗೆ ಹಾಕಿ, ಒಲೆ ಆರಿಸಿದರು. ಕೋಣೆಯಲ್ಲಿ ನೀರಿನ ಸದ್ದೂ ನಿಂತಿತು.

ಬಾಗಿಲ ಬಳಿ ಅವಳಿಗೆ ತಡೆಯಲಾಗಲಿಲ್ಲ.

"ನನ್ನ ಮ್ಯಾಲ ಸಿಟ್ಟು ಬಂದೈತೇನ್ರಿ ಸರ್?"

"ಬಂದದ," ಎಂದರು ಸರ್. "ಮೂವತ್ತು ವರ್ಷ ಒಬ್ಬನೇ ಸುಳ್ಳಿನೊಳಗ ಕೂತಿದ್ದು ನನ್ನ ತಪ್ಪು. ಅದರ ಮ್ಯಾಲ ನೀ ಹೇಳದೇ ಕಳದ ಮೂರು ತಿಂಗಳು ನಿಂದು."