ಆಚೆ ದಂಡೆಯ ಹರಿಗೋಲು

ಇಪ್ಪತ್ತೆರಡು ವರ್ಷಗಳ ಮೇಲೆ ಹಾಲೇಶ ತುಂಗಭದ್ರೆಯ ದಂಡೆಯಲ್ಲಿದ್ದ, ತಾನು ಕಲಿತ ಆಶ್ರಮಕ್ಕೆ ಬಂದ. ಕೈಯಲ್ಲಿ ಒಂದು ಕಾಗದವಿತ್ತು.

ಆ ಆಶ್ರಮದಲ್ಲಿ ಒಂದು ನಿಯಮ. ಅಲ್ಲಿ ಕಲಿತವರು ಯಾರಿಗಾದರೂ ಬರೆದು ಮಾತು ಕೊಡುವ ಮುನ್ನ, ಇಲ್ಲವೇ ಕೊಟ್ಟ ಮಾತನ್ನು ಬರೆದು ಸಮರ್ಥಿಸಿಕೊಳ್ಳುವ ಮುನ್ನ, ಆ ಬರಹವನ್ನು ಗುರುಗಳ ಎದುರು ಗಟ್ಟಿಯಾಗಿ ಓದಬೇಕು.

ಮಾತು ಕೊಡುವಾಗ ಹಾಲೇಶ ಬಂದಿರಲಿಲ್ಲ. ಸಮರ್ಥಿಸಿಕೊಳ್ಳುವಾಗ ಬಂದ.

ಗುರುಗಳು ನಿರ್ವಾಣಯ್ಯನವರು; ಶಿಷ್ಯರಿಗೆಲ್ಲ ಅಜ್ಜಾರು. ಎಪ್ಪತ್ತು ದಾಟಿತ್ತು. ಕಟ್ಟೆಯ ಮೇಲೆ ಕೂತು, ಊಟದ ಪತ್ರಾವಳಿಗೆ ಮುತ್ತುಗದ ಎಲೆ ಹಚ್ಚುತ್ತಿದ್ದರು.

"ಕೂದಲಾ ಎಲ್ಲಿ ಬಿಟ್ಟು ಬಂದಿ?" ಎಂದರು.

"ಕೆಲಸದಾಗ ಉದುರಿದುವ್ರಿ ಅಜ್ಜಾರ."

"ಎಂಥಾ ಕೆಲಸಪಾ ಅದು?"

ಹಾಲೇಶ ವಿವರಿಸಿದ. ಜನರ ಲೆಕ್ಕ, ದಾಖಲೆಗಳನ್ನು ದೂರದ ಕಟ್ಟಡವೊಂದರ ಸರ್ವರ್‌ಗಳಲ್ಲಿ ಇಟ್ಟುಕೊಳ್ಳುವುದು, ಅವರು ಕೇಳಿದಾಗ ತೆರೆದು ತೋರಿಸುವುದು. ಕ್ಲೌಡ್ ಎನ್ನುತ್ತಾರೆ. ನೂರಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಪಾಲು ಹೊತ್ತು ತೆರೆದೇ ಇರುತ್ತದೆಂದು ಅವನು ಎಲ್ಲರಿಗೂ ಬರೆದುಕೊಟ್ಟಿದ್ದ.

ಒಂದು ರಕ್ತನಿಧಿಯವರೂ ಅವನನ್ನು ನಂಬಿದ್ದರು. ಅವರು ಕೈಯಿಂದ ಬರೆದಿಡುತ್ತಿದ್ದ ರಿಜಿಸ್ಟರ್ ಪುಸ್ತಕವನ್ನು ಬಿಡಿಸಿದವನು ಅವನೇ.

ಹೋದ ತಿಂಗಳು ಒಂದು ಬೆಳಿಗ್ಗೆ ಎರಡು ತಾಸು ಹತ್ತು ನಿಮಿಷ ಏನೂ ತೆರೆಯಲಿಲ್ಲ. ಫಕ್ಕೀರಪ್ಪ ಎಂಬಾತ ಹೆರಿಗೆಗೆ ಬಂದ ಹೆಂಡತಿಗಾಗಿ ರಕ್ತ ಕೇಳಲು ಹೋಗಿದ್ದ. ಆ ಗುಂಪಿನ ರಕ್ತ ಅಲ್ಲೇ ಫ್ರಿಜ್ಜಿನಲ್ಲಿತ್ತು. ಆದರೆ ಪರೀಕ್ಷೆಯ ದಾಖಲೆ ನೋಡದೆ ಕೊಡುವಂತಿರಲಿಲ್ಲ. ಬೇರೆ ಊರಿಗೆ ಕಳಿಸಿದರು. ಅವನು ರಕ್ತ ಹಿಡಿದು ಮರಳುವಷ್ಟರಲ್ಲಿ ಮಗು ಹೋಗಿತ್ತು. ಹೆಂಡತಿ ಉಳಿದಳು.

ಫಕ್ಕೀರಪ್ಪ ಹಾಲೇಶನಿಗೆ ಒಂದೇ ಸಾಲು ಬರೆದಿದ್ದ. ಆ ಎರಡು ತಾಸು ನಿಮ್ಮ ಯಂತ್ರ ಏನು ಮಾಡುತ್ತಿತ್ತು?

ಹಾಲೇಶ ತನ್ನ ಉತ್ತರ ಓದಿದ. ಎರಡು ಪುಟ. ಕೊಟ್ಟ ಮಾತಿನ ಪ್ರಕಾರ ವರ್ಷಕ್ಕೆ ಎಂಟು ತಾಸು ನಲವತ್ತೈದು ನಿಮಿಷ ನಿಲ್ಲಲು ಅವಕಾಶವಿದೆ. ನಿಂತದ್ದು ಎರಡು ತಾಸು ಹತ್ತು ನಿಮಿಷ. ದಾಖಲೆಗಳಿಗೆ ಯಾವಾಗಲೂ ಎರಡು ಪ್ರತಿ ಇಡಲಾಗಿತ್ತು. ಆದ್ದರಿಂದ ಮಾತು ತಪ್ಪಿಲ್ಲ.

ಅಜ್ಜಾರು ಎಲೆ ಹಚ್ಚುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

"ಇದರಾಗ ಸುಳ್ಳಿಲ್ಲ," ಎಂದರು.

"ಹಂಗಾದ್ರ ಕಳಿಸಲೇನ್ರಿ?"

ಅಜ್ಜಾರು ಹೊಳೆಯ ಆಚೆಗೆ ಕೈ ತೋರಿಸಿದರು. "ಪೂಜಿಗೆ ಪತ್ರಿ ಇಲ್ಲ. ಆ ದಂಡಿಗೆ ಹೋಗಿ ತಗೊಂಬಾ. ಮೊದಲು ನೀನ ತರತಿದ್ದಿ."

ಹಾಲೇಶ ಹರಿಗೋಲಿನ ಹುಟ್ಟಿಗೆ ಕೈ ಹಾಕಿದ. ಅಡುಗೆ ನೋಡಿಕೊಳ್ಳುವ ಗುರುಸಿದ್ಧ, ಒಂದು ಕಾಲದ ಅವನ ಜೊತೆಗಾರ, ಕಸಿದುಕೊಂಡ. ಇವನ ಕೈಗೆ ಕೊಟ್ಟರೆ ನಡುನೀರಿನಲ್ಲಿ ಗಿರಗಿರ ತಿರುಗುತ್ತಾ ಕೂರಬೇಕಾದೀತು ಎಂದು ನಕ್ಕ. ಆಚೆ ದಂಡೆಗೆ ಬಿಟ್ಟು, ಒಲೆಯ ಮೇಲೆ ಬೇಳೆ ಇದೆ, ಕೂಗಿದರೆ ಬರುತ್ತೇನೆ ಎಂದು ಹೊರಟುಹೋದ.

ಬಿಲ್ವದ ಮರ ದಪ್ಪಗಾಗಿತ್ತು. ಪತ್ರೆ ಕೀಳುತ್ತಾ ಹಾಲೇಶನಿಗೆ ಹಳೆಯದೆಲ್ಲ ನೆನಪಾಯಿತು. ಬೇಸಿಗೆಯಲ್ಲಿ ಹರಿಗೋಲು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದದ್ದು. ಆ ಕೈಯಲ್ಲೇ ಉಂಡು, ಮೂರು ದಿನ ರೊಟ್ಟಿಯಲ್ಲೂ ಡಾಂಬರಿನ ವಾಸನೆ ಬರುತ್ತಿದ್ದದ್ದು. ಅಜ್ಜಾರು ಆಗ ಎದೆಮಟ್ಟದ ನೀರಿನಲ್ಲಿ ನಿಂತು ಈಜು ಕಲಿಸುತ್ತಿದ್ದರು. ಅವರು ಕೈ ಬಿಟ್ಟದ್ದು ಯಾವಾಗ ಎಂದು ತಿಳಿಯುತ್ತಲೇ ಇರಲಿಲ್ಲ.

ಆಗ ಮರದ ಕೆಳಗೆ ಯಾವಾಗಲೂ ಒಂದು ಹರಿಗೋಲು ಇರುತ್ತಿತ್ತು. ಈಗ ಗೂಟ ಮಾತ್ರ ಇತ್ತು.

ಅವನು ಕೂಗಿದ. ಗಾಳಿ ಎದುರಿಗಿತ್ತು. ಯಾರೂ ಬರಲಿಲ್ಲ.

ಬುತ್ತಿಯ ಗಂಟು ಹಿಡಿದು ಒಬ್ಬ ಹೆಂಗಸು ಬಂದು ಕೂತಳು. ಹೆಸರು ಶಾಂತವ್ವ. ಗಂಡ ಆ ದಂಡೆಯಲ್ಲಿ ಆಶ್ರಮದ ಗೋಡೆ ಕಟ್ಟುತ್ತಿದ್ದಾನೆ, ಮುಂಜಾನೆಯಿಂದ ಉಂಡಿಲ್ಲ ಎಂದಳು.

ಹಾಲೇಶ ಮತ್ತೆ ಕೂಗಿದ. ಗಡಿಯಾರ ನೋಡಿದ. ಇಪ್ಪತ್ತು ನಿಮಿಷ. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದ.

"ಎಷ್ಟು ಸಲ ನೋಡ್ತೀರಿ ಅದನ್ನ," ಎಂದಳು ಶಾಂತವ್ವ. "ನಿಮ್ಮ ಕೈಯಾಗ ಗಡಿಯಾರ ಐತಿ, ನನ್ನ ಕೈಯಾಗ ಬುತ್ತಿ ಐತಿ."

ಆಶ್ರಮಕ್ಕೆ ಎರಡು ಹರಿಗೋಲು ಇರಬೇಕಲ್ಲ ಎಂದು ಅವನು ಕೇಳಿದ.

"ಅದಾವ. ಅಲ್ಲಿ ನೋಡ್ರಿ, ಎರಡೂ. ಕೆಳಗ ದೂರದಾಗ ಸೇತುವಿ ಆದ ಮ್ಯಾಲ ಇಲ್ಲಿಂದ ದಾಟೋರು ಕಡಿಮಿ ಅಂತ ಎರಡನ್ನೂ ಆ ಕಡೇನ ಕಟ್ಟತಾರ. ಅವರಿಗೆ ಅನುಕೂಲ. ನಮಗ ಎರಡಿದ್ರೂ ಅಷ್ಟ, ಇಪ್ಪತ್ತಿದ್ರೂ ಅಷ್ಟ."

ಹಾಲೇಶ ಆಮೇಲೆ ಗಡಿಯಾರ ನೋಡಲಿಲ್ಲ.

ಅವನ ಎರಡು ಪ್ರತಿಗಳೂ ಒಂದೇ ಕಟ್ಟಡದಲ್ಲಿದ್ದವು. ಎರಡಕ್ಕೂ ಒಂದೇ ಕರೆಂಟಿನ ತಂತಿ; ಆ ಬೆಳಿಗ್ಗೆ ಅದು ಹೋದಾಗ ಎರಡೂ ಒಟ್ಟಿಗೇ ನಿಂತಿದ್ದವು. ಬೇರೆ ಊರಿನಲ್ಲಿ ಇಡಬಹುದಿತ್ತು; ನೋಡಿಕೊಳ್ಳುವುದು ತೊಡಕೆಂದು ಇಟ್ಟಿರಲಿಲ್ಲ. ಅದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಕಾಗದದಲ್ಲಿ ಇರಲಿಲ್ಲ.

ಕೊನೆಗೆ ಒಂದು ಹರಿಗೋಲು ಬಂತು. ಹುಟ್ಟು ಹಾಕುತ್ತಿದ್ದವರು ಅಜ್ಜಾರೇ. ಮೈಯೆಲ್ಲ ಬೆವತಿತ್ತು.

ಅವರು ಹಾಲೇಶನ ಕಡೆ ನೋಡಲಿಲ್ಲ.

"ಶಾಂತವ್ವಾ, ಗುರುಸಿದ್ಧನಿಗೆ ಕೂಗು ಕೇಳಿಲ್ಲ. ಎರಡೂ ಹರಿಗೋಲು ಆ ಕಡೆ ಇಡಿಸಿದವ ನಾನು. ನಿನ್ನ ಗಂಡ ಹಸಗೊಂಡು ಕುಂತಾನ. ತಪ್ಪಾತು."

"ಇರಲಿ ಬಿಡ್ರಿ ಅಜ್ಜಾರ. ಗಾಳಿ ಬಾಳ ಇತ್ತು."

"ಗಾಳಿದಲ್ಲವ್ವಾ. ನಂದು."

ಮೂವರೂ ಹೊಳೆ ದಾಟಿದರು. ಶಾಂತವ್ವ ಇಳಿದು, ಸೀರೆಯ ಸೆರಗು ಸಿಕ್ಕಿಸಿಕೊಂಡು ಗೋಡೆಯ ಕಡೆ ಓಡಿದಳು.

ಹಾಲೇಶ ನೀರಿನಲ್ಲೇ ನಿಂತ. ಎರಡು ಪ್ರತಿಗಳ ವಿಷಯವನ್ನು ಅಲ್ಲೇ ಅಜ್ಜಾರಿಗೆ ಹೇಳಿದ, ಒಂದೂ ಬಿಡದೆ.

ಅವನು ಕಾಗದವನ್ನು ಹರಿದ. "ಅಜ್ಜಾರ, ಒಂದು ಬಿಳಿ ಹಾಳಿ ಕೊಡ್ರಿ. ಫಕ್ಕೀರಪ್ಪಗ ಇಲ್ಲೇ ಕುಂತು ಬರೀತೀನಿ."

ಅಜ್ಜಾರು ಹುಟ್ಟನ್ನು ಅವನ ಕೈಗೆ ಕೊಟ್ಟರು.

"ಬರಿಯೋದು ಆಮ್ಯಾಲ. ಮೊದಲು ಒಂದು ಹರಿಗೋಲು ಆ ದಂಡಿಗೆ ಒಯ್ದು ಕಟ್ಟು."