ಜೇಬಲ್ಲಿ ಲೊಚಗುಟ್ಟಿದ ಹಲ್ಲಿ

ಈ ಸಲ ಒಂದು ಮಾತೂ ಸೇರಿಸಿಲ್ಲ. ಹೋದ ಸಲ ಮೊಸಳೆ ಬಂದು ಪ್ರಸಾದದ ಸಾಲಲ್ಲಿ ಕೂತಿತ್ತು ಅಂದಿದ್ದು ಬಿಟ್ಟುಬಿಡಿ. ಇದು ಕಪಿಲೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೇಲೇ ಹೇಳ್ತಿರೋ ಮಾತು.

ಕಪಿಲೆ ದಂಡೇಲಿ ಒಂದು ಸಣ್ಣ ಮಠ. ಅಲ್ಲೊಬ್ಬರು ಮುದಿ ಸ್ವಾಮಿಗಳು. ಎಲ್ಲರೂ ಅವರನ್ನ ಬುದ್ಧಿ ಅಂತಿದ್ರು. ಅವರ ಕಿವಿ ಎಂಥದ್ದು ಅಂದ್ರೆ, ಆಚೆ ದಡದಲ್ಲಿ ಇರುವೆ ಬೆಲ್ಲ ಕಡಿದ್ರೆ ಈಚೆ ದಡದಲ್ಲಿ ಕೂತು, "ಮೆಲ್ಲಗೆ ತಿನ್ನವ್ವ, ಹಲ್ಲು ಹೋದೀತು" ಅಂತಿದ್ರು.

ಅವರ ಶಿಷ್ಯ ಶಿವರುದ್ರ. ಮೂರು ವರ್ಷ ಅಂಗಳ ಗುಡಿಸಿದ ಮೇಲೆ ಒಂದು ದಿನ ಬುದ್ಧಿ ಅವನನ್ನ ಕರೆದ್ರು.

"ಇನ್ನು ಹನ್ನೊಂದು ದಿನಕ್ಕೆ ನಿನಗೆ ದೀಕ್ಷೆ. ನಾಳೆ ಬೆಳಗಿಂದ ಅಲ್ಲೀವರೆಗೂ ಒಂದೇ ವ್ರತ. ಫೋನು ನೋಡಬಾರದು. ನೋಡಿದ್ಯೋ, ಗಂಟು ಕಟ್ಟು."

"ಹಾಗಾದ್ರೆ ತಮ್ಮ ಹತ್ರಾನೇ ಇರಲಿ ಬುದ್ಧಿ."

"ಬೇಡ, ನಿನ್ನ ಜೇಬಲ್ಲೇ ಇರಲಿ. ಮೊಸರಿಲ್ಲದ ಮನೇಲಿ ಬೆಕ್ಕು ಉಪವಾಸ ಮಾಡಿದ್ರೆ ಅದೇನು ದೊಡ್ಡದು?"

ಶಿವರುದ್ರ ಇಕ್ಕಟ್ಟಿಗೆ ಸಿಕ್ಕಿದ. ಅವನ ಅಕ್ಕ ಚಂದ್ರಕಲಾ, ಮದುವೆಯಾಗಿ ಹನ್ನೆರಡು ವರ್ಷದ ಮೇಲೆ, ತುಂಬು ಬಸುರಿ. ಇವತ್ತೋ ನಾಳೆಯೋ ಹೆರಿಗೆ. ತಾಯಿ ಇಲ್ಲದ ಮನೇಲಿ ಅವನನ್ನ ಸಾಕಿದ್ದು ಆ ಅಕ್ಕನೇ. ಸುದ್ದಿ ಏನಿದ್ರೂ ಭಾವ ಫೋನಿಗೇ ಬರೀಬೇಕು.

ದೀಕ್ಷೆಯೂ ಬೇಕು, ಸುದ್ದಿಯೂ ಬೇಕು.

ಯೋಚನೆ ಮಾಡಿದ. ಬುದ್ಧಿ ನೋಡಬಾರದು ಅಂದಿದ್ರು. ಕೇಳಬಾರದು ಅಂದಿರಲಿಲ್ಲ.

ಸ್ಕೂಲಲ್ಲಿ ಸ್ಕೌಟ್ಸ್ ಮೇಷ್ಟ್ರು ಮೋರ್ಸ್ ಕೋಡ್ ಕಲಿಸಿದ್ರು. ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಚಿಕ್ಕ ಸದ್ದು, ಉದ್ದ ಸದ್ದು. ಚಿಕ್ಕದ್ದು ಲಘು, ಉದ್ದದ್ದು ಗುರು ಅಂತ ಬಾಯಿಪಾಠ ಮಾಡಿಸಿದ್ರು. ಬಂದ ಮೆಸೇಜನ್ನೆಲ್ಲ ಹಾಗೇ ಟಿಕ್ಕು ಟೀಕು ಮಾಡಿ ಬಾರಿಸೋ ಆ್ಯಪ್ ಒಂದನ್ನ ಶಿವರುದ್ರ ಫೋನಿಗೆ ಹಾಕಿಕೊಂಡ. ವ್ರತ ಹಿಡಿಯೋ ಮುಂಚೆ ಭಾವನಿಗೆ ಹೇಳಿದ.

"ಕನ್ನಡಾನ ಇಂಗ್ಲಿಷ್ ಅಕ್ಷರದಲ್ಲಿ ಬರೀರಿ ಭಾವ. ಚುಟುಕಾಗಿ ಬರೀರಿ. ಮಹಾಭಾರತ ಬೇಡ."

ಮೂರನೇ ದಿನ ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದಾಗ ಜೇಬು ಲೊಚಗುಟ್ಟಕ್ಕೆ ಶುರುಮಾಡ್ತು. ಶಿವರುದ್ರ ಒಂದೊಂದೇ ಅಕ್ಷರ ಜೋಡಿಸಿದ. ಅಕ್ಕನ ಸುದ್ದಿಯಲ್ಲ. ರೀಚಾರ್ಜ್ ಮುಗೀತಾ ಬಂದಿದೆ ಅಂತ ಫೋನಿನವರು ಕಳಿಸಿದ್ದು.

"ಅದೇನಯ್ಯ ಸದ್ದು?" ಅಂದ್ರು ಬುದ್ಧಿ.

"ಹಲ್ಲಿ ಬುದ್ಧಿ."

"ಗೋಡೆ ಬಿಟ್ಟು ಜೇಬಿಗೆ ಇಳಿದಿದ್ಯಾ?"

"ಚಳಿ ಇರಬೇಕು ಬುದ್ಧಿ."

"ಹಲ್ಲಿ ಲೊಚಗುಟ್ಟಿದ್ರೆ ನಿಜ ಅಂತಾರೆ." ಬುದ್ಧಿ ಕಣ್ಣೂ ತೆರೀಲಿಲ್ಲ. "ಪಾಪ, ಏನೋ ಮುಗೀತಾ ಬಂದಿದೆ ಅಂತದೆ. ತುಂಬಿಸು."

ಶಿವರುದ್ರನಿಗೆ ಅದು ದೊಡ್ಡ ವೇದಾಂತದ ಮಾತು ಅನ್ನಿಸ್ತು. ಪುಸ್ತಕದಲ್ಲಿ ಬರೆದಿಟ್ಟುಕೊಂಡ.

ಒಂಬತ್ತನೇ ದಿನ, ಬೆಳಗಿನ ಪೂಜೆ ಹೊತ್ತು. ಜೇಬು ಮತ್ತೆ ಶುರುವಾಯ್ತು. ಅವನು ಉಸಿರು ಬಿಗಿಹಿಡಿದು ಕೇಳಿದ. ಹ. ಣ್ಣು.

ಹಣ್ಣು.

ಅಷ್ಟರಲ್ಲಿ ಮಂಗಳಾರತಿ. ಜಾಗಟೆ, ಗಂಟೆ, ಶಂಖ ಒಟ್ಟಿಗೇ ಮೊಳಗಿದ್ವು. ಆ ಸದ್ದಿಗೆ ನದೀಲಿದ್ದ ಮೀನೆಲ್ಲ ಎದ್ದು ಕೈಮುಗಿದ್ವು ಅಂತಾರೆ. ಮಿಕ್ಕ ಮೆಸೇಜು ಅದರಲ್ಲಿ ಕೊಚ್ಚಿಕೊಂಡು ಹೋಯ್ತು. ಜಾಗಟೆ ನಿಂತಾಗ ಜೇಬೂ ನಿಂತಿತ್ತು.

ಹಣ್ಣು ಅಂದ್ರೇನು? ಅಕ್ಕ ನೋವು ತಿಂದು ಹಣ್ಣಾದಳೇ? ಹಣ್ಣುಗಾಯಿ ನೀರುಗಾಯಿ ಆಗಿ ಬಿದ್ದಿದ್ದಾಳೆಯೇ? ಮಗು ಏನಾಯ್ತು?

ಒಂದು ಸಲ ನೋಡಿದ್ರೆ ಎಲ್ಲ ಗೊತ್ತಾಗ್ತದೆ. ನೋಡಿದ್ರೆ ಮೂರು ವರ್ಷ ಗುಡಿಸಿದ್ದು ನೀರಲ್ಲಿ ಹೋಮ.

ಶಿವರುದ್ರ ಎದ್ದು ಹೋಗಿ ಬುದ್ಧಿಯ ಕಾಲಿಗೆ ಬಿದ್ದ.

"ನಂಗೆ ದೀಕ್ಷೆ ಬೇಡ ಬುದ್ಧಿ. ಗಂಟು ಕಟ್ತೀನಿ. ನಮ್ಮಕ್ಕ ಏನಾದಳೋ ನೋಡಬೇಕು."

ಅಂದವನೇ ಜೇಬಿಗೆ ಕೈ ಹಾಕಿದ. ಬುದ್ಧಿ ಆ ಕೈ ಹಿಡ್ಕೊಂಡ್ರು.

"ಹೆದರಬೇಡ ಮಗ. ಅದು ಹಣ್ಣಲ್ಲ, ಹೆಣ್ಣು. ಮೂರು ಕಿಲೋ ಇದ್ಯಂತೆ. ನಿಮ್ಮಕ್ಕ ಚೆನ್ನಾಗಿದ್ದಾಳೆ. ಹಸಿವು ಹಸಿವು ಅಂತ ಆಸ್ಪತ್ರೆಯವರ ತಲೆ ತಿಂತಿದ್ದಾಳೆ. ನಿಮ್ಮ ಭಾವ ಖುಷೀಲಿ ಕೈ ತಪ್ಪಿ, 'ಹೆ' ಬರಿಯೋ ಕಡೆ 'ಹ' ಬರೆದಿದ್ದಾನೆ. ಇಂಗ್ಲಿಷ್ e ಗೆ ಒಂದು ಲಘು ಸಾಕಾಗಿತ್ತು, a ಆಗಿ ಬಾಲಕ್ಕೊಂದು ಗುರು ಹೆಚ್ಚಾಗಿದೆ. ಗುರು ಹೆಚ್ಚಾದ ಕಡೆಯೆಲ್ಲ ಇದೇ ಗೋಳು."

ಶಿವರುದ್ರ ಅತ್ತ, ನಕ್ಕ, ಆಮೇಲೆ ಪೊರಕೆ ಹಿಡಿದು ಕುಣಿದ. ಆ ಕುಣಿತಕ್ಕೆ ಕಪಿಲೆ ಒಂದು ಮೆಟ್ಟಿಲು ಮೇಲೆ ಬಂದು ನೋಡಿಕೊಂಡು ಹೋದಳು.

"ಸಾಕು," ಅಂದ್ರು ಬುದ್ಧಿ. "ಈಗ ಗಂಟು ಕಟ್ಟು."

ಅವನ ಮುಖ ಬಾಡಿತು. "ನಾನಿನ್ನೂ ಫೋನು ನೋಡೇ ಇಲ್ವಲ್ಲ ಬುದ್ಧಿ."

"ಅದಕ್ಕೇ ಹೇಳ್ತಿರೋದು. ಹೋಗಿ ಮಗೂನ ನೋಡಿ ಬಾ. ದೀಕ್ಷೆ ಎಲ್ಲಿಗೂ ಓಡಿಹೋಗಲ್ಲ."

ಅವನು ಬಾಗಿಲವರೆಗೂ ಓಡಿದ. ಅಲ್ಲಿ ತಟ್ಟನೆ ನಿಂತ.

"ಬುದ್ಧಿ, ಇದೆಲ್ಲ ತಮಗೆ ಹೇಗೆ ಗೊತ್ತಾಯ್ತು?"

"ಧ್ಯಾನದಲ್ಲಿ ಕಾಣ್ತು."

"ಧ್ಯಾನದಲ್ಲಿ ನಮ್ಮ ಭಾವನ ಸ್ಪೆಲ್ಲಿಂಗ್ ಮಿಸ್ಟೇಕೂ ಕಾಣ್ತದಾ ಬುದ್ಧಿ?"

ಬುದ್ಧಿ ಗಡ್ಡ ನೀವಿಕೊಂಡ್ರು.

"ಮಠಕ್ಕೆ ಬರೋ ಮುಂಚೆ ಮೂವತ್ತು ವರ್ಷ ಟೆಲಿಗ್ರಾಫ್ ಆಫೀಸಲ್ಲಿ ಇದೇ ಟಿಕ್ಕು ಟೀಕಲ್ಲಿ ತಂತಿ ಕುಟ್ತಿದ್ದೆ ಕಣಯ್ಯ. ಯಾರ ಮನೇಲೇ ಮಗು ಹುಟ್ಟಲಿ, ಆ ಮನೆಯವರಿಗಿಂತ ಮೊದಲು ಖುಷಿ ಪಡ್ತಿದ್ದೋನು ನಾನು. ಅದಕ್ಕೆ ನೀನು ಏನಂತೀಯೋ ಗೊತ್ತಿಲ್ಲ, ನಾನು ಧ್ಯಾನ ಅಂತೀನಿ."