ಫಕೀರಪ್ಪ ಮಸ್ಕತ್ತಿಗೆ ಮುಯ್ಯಿ ಒಯ್ದದ್ದು

ಹೂಂಗುಟ್ಟುವವರು ಇದ್ದರೆ ಹೇಳುತ್ತೇನೆ. ತೂಕಡಿಸುವವರಿಗೆ ಈ ಕತೆ ಅಲ್ಲ.

ಲಕ್ಷ್ಮೇಶ್ವರದಲ್ಲಿ ನೀಲವ್ವ ಅಂತ ಒಬ್ಬಳಿದ್ದಳು. ಖಡಕ್ ರೊಟ್ಟಿ ಬಡಿದು ಮಾರುವುದು ಅವಳ ಕಸುಬು. ಮಕ್ಕಳು ಇಬ್ಬರು. ಮಗಳು ಅನ್ನಪೂರ್ಣ ಜಾಣೆ. ಮದುವೆಯಾಗಿ ಗಂಡನ ಜೊತೆ ಮಸ್ಕತ್ತಿನಲ್ಲಿದ್ದಳು. ಮಗ ಫಕೀರಪ್ಪ ಪೆದ್ದ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವ. "ಬೆಕ್ಕು ಬಂದರ ಓಡಸು" ಅಂತ ಹೇಳಿ ನೀಲವ್ವ ನೀರಿಗೆ ಹೋದರೆ, ನಾಯಿ ಬಂದು ರೊಟ್ಟಿ ತಿನ್ನುವುದನ್ನು ನೋಡುತ್ತ ಕೂತಿದ್ದ.

"ಓಡಸಬಾರದೇನಲೇ?"

"ನೀ ಬೆಕ್ಕು ಅಂದಿದ್ದೆಲ್ಲಬೇ? ಬೆಕ್ಕು ಬರಲೇ ಇಲ್ಲ."

ನೀಲವ್ವ ಹಣೆ ಹಣೆ ಬಡಿದುಕೊಂಡಳು.

ಹೀಗಿರುವಾಗ ಅನ್ನಪೂರ್ಣ ಬಸುರಿಯಾದಳು. ಏಳು ತಿಂಗಳು ತುಂಬಿತು. ಕುಬಸದ ದಿನ ಗೊತ್ತಾಯಿತು. ಕುಬಸ ಅಂದ ಮೇಲೆ ತವರಿನ ಹಸಿರು ಸೀರೆ ಬೇಕು. ಉಡಿ ತುಂಬುವಾಗ ಎಲ್ಲರಿಗಿಂತ ಮೊದಲು ತವರಿನ ಮುಯ್ಯಿ ಬೀಳಬೇಕು. ಹೋಗಬೇಕಾಗಿದ್ದ ನೀಲವ್ವ ಬಚ್ಚಲಲ್ಲಿ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಳು. ಆ ಕಡೆ ಮಸ್ಕತ್ತಿನಲ್ಲಿ ಬೀಗತಿ ಸಾವಂತ್ರವ್ವ ಫೋನಿನಲ್ಲಿ ಆಗಲೇ ಕೇಳಿದ್ದಳು: "ಏನ್ರೀ ಬೀಗತಿ, ತವರಿಂದ ಮುಯ್ಯಿ ಬರತೈತೋ, ಬರೇ ರೊಟ್ಟಿ ಬರತಾವೋ?"

ಆ ಮಾತು ನೀಲವ್ವನ ಎದೆಗೆ ಮುಳ್ಳಿನಂತೆ ನಟ್ಟಿತು. ಸಾವಂತ್ರವ್ವನ ಕಣ್ಣೆದುರಿಗೇ ಮಗಳ ಉಡಿಯಲ್ಲಿ ತವರಿನ ಮುಯ್ಯಿ ಬೀಳಬೇಕು. ತಾನು ಅದನ್ನು ಫೋನಿನಲ್ಲಾದರೂ ನೋಡಬೇಕು. ಅವಳಿಗೆ ಬೇರೆ ಆಸೆ ಇರಲಿಲ್ಲ. ಆದರೆ ಕಳಿಸುವುದಕ್ಕೆ ಇದ್ದವನು ಒಬ್ಬನೇ.

ರೊಟ್ಟಿ ಮಾರಿ ಮುಯ್ಯಿಗೆಂದು ಕೂಡಿಟ್ಟ ರೊಕ್ಕ ತೆಗೆದು, ಸೀರೆಯನ್ನು ಚೀಲಕ್ಕೆ ಹಾಕಿ, ಮಗನನ್ನು ಮುಂದೆ ಕೂಡಿಸಿಕೊಂಡಳು.

"ನಮ್ಮ ನೋಟು ಅಲ್ಲಿ ನಡೆಯಂಗಿಲ್ಲ. ಇಳಿದ ಕೂಡಲೇ ಬದಲಿ ಮಾಡಸು. ಎಣಿಸಿ ಕೊಡು, ಎಣಿಸಿ ತಗೋ. ಒಂದು ನೋಟು ಕಡಿಮಿ ತಗೋಬ್ಯಾಡ. ಹೆಚ್ಚಿಗಿ ಬಂದರ ಇಟ್ಟುಕೋಬ್ಯಾಡ, ಪಾಪ ತಟ್ಟತೈತಿ."

"ಆಯ್ತು ಬೇ."

ಕುಬಸದ ದಿನ ಮುಂಜಾನೆ ವಿಮಾನ ಇಳಿಯಿತು. ಭಾವನಿಗೆ ಕೆಲಸಕ್ಕೆ ರಜೆ ಇದ್ದದ್ದು ಸಂಜೆಗೆ ಮಾತ್ರ. ಹಾಗಾಗಿ ಫಕೀರಪ್ಪ ಒಬ್ಬನೇ ರೊಕ್ಕ ಬದಲಿಸುವ ಗಾಜಿನ ಕಿಂಡಿಯ ಮುಂದೆ ನಿಂತ. ಒಳಗಿದ್ದವನು ಮಂಗಳೂರಿನವ. ಫಕೀರಪ್ಪ ಐನೂರರ ಐವತ್ತು ನೋಟು ಎಣಿಸಿ ಕೊಟ್ಟ. ಕಿಂಡಿಯವ ಏಳೋ ಎಂಟೋ ನೋಟು ಹೊರಗೆ ಸರಿಸಿದ.

"ಇದೇನ್ರೀ! ನಾ ಕಟ್ಟು ಕೊಟ್ಟೆ, ನೀವು ಚೂರು ಕೊಟ್ಟೀರಿ!"

"ಇದು ರಿಯಾಲ್ ಮಾರಾಯ್ರೇ. ಲೆಕ್ಕ ಸರಿ ಉಂಟು."

"ಎಲ್ಲಿ ಸರಿ? ಐವತ್ತು ಕೊಟ್ಟೀನಿ, ಐವತ್ತು ಕೊಡ್ರಿ! ಒಂದು ಕಡಿಮಿ ಆದರೂ ಇಲ್ಲಿಂದ ಏಳಂಗಿಲ್ಲ!"

ಅಂದವನೇ ನೆಲಕ್ಕೆ ಕೂತ. ಹಿಂದೆ ಸಾಲು ಬೆಳೆಯಿತು. ಕಿಂಡಿಯವನಿಗೆ ಸಾಕುಸಾಕಾಯಿತು. ಕೊಟ್ಟ ನೋಟು ವಾಪಸು ತೆಗೆದುಕೊಂಡು ಎಲ್ಲವನ್ನೂ ಒಂದೊಂದು ರಿಯಾಲಿನ ನೋಟು ಮಾಡಿ ಕೊಟ್ಟ. ಫಕೀರಪ್ಪ ಎದ್ದು ಎಣಿಸಿದ. ಐವತ್ತಾಯಿತು. ಇನ್ನೂ ಅಷ್ಟೇ ದಪ್ಪದ ಕಟ್ಟು ಉಳಿದಿತ್ತು. ಅದನ್ನು ಕಿಂಡಿಯೊಳಗೆ ನೂಕಿದ.

"ಇವು ನಿಮ್ಮವು. ಪಾಪದ ರೊಕ್ಕ ನನಗ ಬ್ಯಾಡ."

ಹೊರಟೇಬಿಟ್ಟ. ಕಿಂಡಿಯವ ಎದ್ದು ಹೊರಗೆ ಓಡಿಬಂದ.

"ಓ ಮಾರಾಯ್ರೇ! ನಿಲ್ಲಿ! ನಿಮ್ಮದೇ ದುಡ್ಡು!"

ಎಣಿಸುವ ಕೆಲಸವೇ ಬೇಡ ಅಂತ ಇಪ್ಪತ್ತರ ಮೂರು ನೋಟು ಮಾಡಿ ಅವನ ಅಂಗಿಯ ಕಿಸೆಗೆ ತುರುಕಿ, ಗುಂಡಿ ತಾನೇ ಹಾಕಿದ.

"ಇನ್ನು ಈ ಕಡೆ ಬರಬೇಡಿ, ದಮ್ಮಯ್ಯ."

ಫಕೀರಪ್ಪ ಅವ್ವನಿಗೆ ಫೋನು ಹಚ್ಚಿ ಎಲ್ಲ ಹೇಳಿದ.

"ಲೇ ಹೆಡ್ಡಾ! ನೋಟು ಎಣಸ್ತಾರೇನಲೇ? ಬೆಲೆ ನೋಡ್ತಾರ! ಅಲ್ಲಿದು ಒಂದು ಅಂದ್ರ ನಮ್ಮವು ಇನ್ನೂರು. ಇನ್ನ ಮ್ಯಾಲ ಯಾರು ಎಷ್ಟ ಹೇಳಲಿ, ಇನ್ನೂರರಿಂದ ಗುಣಿಸಿ ನೋಡು. ಆಮ್ಯಾಲ ಬಾಯಿ ಬಿಡು."

"ಆಯ್ತು ಬೇ."

ಹೊರಗೆ ಬಂದ. ಟ್ಯಾಕ್ಸಿ ನಿಂತಿತ್ತು. ಕಸೂತಿ ಟೊಪ್ಪಿಗೆಯ ಮುದುಕ ಡ್ರೈವರ್‌ಗೆ ಹಿಂದಿ ಬರುತ್ತಿತ್ತು. ಫಕೀರಪ್ಪನಿಗೂ ಬಜಾರಿನ ಹಿಂದಿ ಬರುತ್ತಿತ್ತು.

"ಅಕ್ಕನ ಮನೆ ರುವಿಯ ಆಚೆ. ಎಷ್ಟು ದೂರ ಚಾಚಾ?"

"ಮೂವತ್ತು ಕಿಲೋಮೀಟರ್."

ಫಕೀರಪ್ಪ ಬೆರಳು ಮಡಚಿದ, ತುಟಿ ಅಲ್ಲಾಡಿಸಿದ. ಆರು ಸಾವಿರ! ಬೆವರು ಬಂತು.

"ಎಷ್ಟು ಹೊತ್ತು ಚಾಚಾ?"

"ಅರ್ಧ ತಾಸು."

ಮತ್ತೆ ಬೆರಳು ಮಡಚಿದ. ನೂರು ತಾಸು! ಚೀಲದ ಮೇಲೆ ಕೂತು ಬಾಯಿಬಾಯಿ ಬಡಿದುಕೊಂಡು ಅತ್ತ. ಅಳುತ್ತಲೇ ಫೋನು ಹಚ್ಚಿದ.

"ಯವ್ವಾ, ಕುಬಸ ತಪ್ಪಿತಬೇ! ಅಕ್ಕನ ಮನಿ ಇನ್ನೂ ಆರು ಸಾವಿರ ಕಿಲೋಮೀಟರ್ ಐತಿ. ವಿಮಾನದವರು ನಡು ದಾರ್‍ಯಾಗ ಇಳಿಸಿ ಹೋಗ್ಯಾರ!"

ನೀಲವ್ವನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಪ್ಲಾಸ್ಟರ್ ಹಾಕಿದ ಕಾಲು ಮರೆತು ಎದ್ದು ನಿಲ್ಲಲು ಹೋದಳು.

"ಗುಣಿಸೋದು ರೊಕ್ಕಕ್ಕಲೇ, ದಾರಿಗಲ್ಲ! ನಿನ್ನ ಹಡದ ಹೊಟ್ಟಿಗೆ ಬೆಂಕಿ ಬೀಳಲಿ! ಟ್ಯಾಕ್ಸಿಯವ ಎಷ್ಟ ಕೇಳ್ತಾನ?"

"ಹನ್ನೆರಡಂತ."

"ಆರು ಅನ್ನು. ಕೇಳಿಲ್ಲಿ, ಅಲ್ಲಿ ಮಂದಿ ಬಾಯಿಗೆ ಬಂದಷ್ಟು ಹೇಳ್ತಾರ. ಯಾರು ಏನ ಹೇಳಿದರೂ ಅರ್ಧಕ್ಕ ಇಳಸು. ಅರ್ಧದ ಮ್ಯಾಲ ಒಂದು ಪೈಸೆ ಒಪ್ಪಬ್ಯಾಡ."

"ಒಪ್ಪಂಗಿಲ್ಲ ಬೇ."

ಅಳುವವನ ಹತ್ತಿರ ಚೌಕಾಸಿ ಮಾಡುವುದು ಹೇಗೆ? ಮುದುಕ ಕನಿಕರಪಟ್ಟ. "ಆರಕ್ಕೆ ಬಜಾರಿನ ತನಕ ಬಿಡುತ್ತೇನೆ. ಮುಂದೆ ವ್ಯಾನಿನಲ್ಲಿ ಹೋಗು ಮಗನೇ" ಅಂದ. ಹಾಗೇ ಬಿಟ್ಟ. ಫಕೀರಪ್ಪ ಒಂದೊಂದರ ಆರು ನೋಟು ಕೊಟ್ಟು ಇಳಿದ.

ಬಜಾರಿನಲ್ಲಿ ಹಣ್ಣಿನ ಅಂಗಡಿ. ಉಡಿಗೆ ಐದು ಥರದ ಹಣ್ಣು ಬೇಕಲ್ಲ? ಮಲಯಾಳಿ ಕಾಕಾ ಎಂಟು ರಿಯಾಲ್ ಹೇಳಿದ. ಫಕೀರಪ್ಪ ನಾಲ್ಕು ಅಂದ. ಕಾಕಾ ಗೊಣಗಿಕೊಂಡು ಒಪ್ಪಿದ. ಇಲ್ಲಿಯವರೆಗೆ ಎಲ್ಲ ಸುಸೂತ್ರ. ಫಕೀರಪ್ಪ ಅಂಗಿಯ ಕಿಸೆಯ ಗುಂಡಿ ಬಿಚ್ಚಿ ಇಪ್ಪತ್ತರ ನೋಟು ಕೊಟ್ಟ. ಕಾಕಾ ಚಿಲ್ಲರೆ ಎಣಿಸಿ ಮುಂದೆ ಹಿಡಿದ.

"ತಗೋ, ಹದಿನಾರು."

"ಹದಿನಾರಾ? ಎಂಟು!"

"ಏನು ಎಂಟು?"

"ಎಂಟು ಕೊಡು ಸಾಕು."

"ಅಯ್ಯೋ, ಇದು ನಿನ್ನದೇ ದುಡ್ಡಪ್ಪ! ನಿನಗೆ ಬರಬೇಕಾದದ್ದು!"

"ಯಾರದರ ಇರಲಿ. ಎಂಟರ ಮೇಲೆ ಒಂದು ಪೈಸೆ ಒಪ್ಪುವುದಿಲ್ಲ."

"ಹದಿನೈದಾದರೂ ತಗೋ."

"ಎಂಟು!"

"ಹನ್ನೆರಡು?"

"ಆಗೋದಿಲ್ಲ. ಹೊರಟೆ ನಾನು."

ಫಕೀರಪ್ಪ ಚೀಲ ಎತ್ತಿಕೊಂಡು ಹತ್ತು ಹೆಜ್ಜೆ ನಡೆದೇಬಿಟ್ಟ. ಗಿರಾಕಿ ಹಾಗೆ ನಡೆದರೆ ಅಂಗಡಿಯವ ಕರೆಯಲೇಬೇಕು. ಕಾಕಾ ಕರೆದ. ಎಂಟು ಅವನ ಕೈಗಿಟ್ಟ. ಉಳಿದ ಎಂಟನ್ನು ಹಿಡಿದುಕೊಂಡು ಒಂದು ಗಳಿಗೆ ನಿಂತ. ಆಮೇಲೆ ಪಕ್ಕದಲ್ಲಿದ್ದ ದಾನದ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡ.

"ಯವ್ವಾ! ಎಂಥಾ ಚೌಕಾಸಿ ಮಾಡಿದೆ ಅಂತಿ! ಹದಿನಾರು ಅಂದವನ್ನ ಎಂಟಕ್ಕ ತಂದೆ!"

ಯಾವ ಹದಿನಾರು ಅಂತ ನೀಲವ್ವ ಫೋನಿನಲ್ಲಿ ಕೇಳಿದಳು. ಫಕೀರಪ್ಪ ಹೇಳಿದ.

"ಯವ್ವಾ? ಅದೀಯೇನಬೇ?"

"ಅದೀನಲೇ, ಸತ್ತಿಲ್ಲ. ಎಂಟು ರಿಯಾಲ್ ದುಡೀಬೇಕಂದ್ರ ನಾ ಎಷ್ಟ ರೊಟ್ಟಿ ಬಡೀಬೇಕು ಗೊತ್ತೈತೇನಲೇ? ಕೊಡೂ ರೊಕ್ಕಕ್ಕ ಚೌಕಾಸಿ! ಬರೂ ರೊಕ್ಕಕ್ಕಲ್ಲ! ಯಾರರ ನಿನ್ನ ಕೈಯಾಗ ರೊಕ್ಕ ಇಟ್ಟರ ತುಟಿ ಪಿಟಕ್ಕನ್ನಬ್ಯಾಡ. ಕಣ್ಣಿಗೊತ್ತಿಕೋ, ಕಿಸೆದಾಗ ಹಾಕ್ಕೋ. ಮುಗೀತು!"

"ಇಷ್ಟ ತಾನೇ? ಆಯ್ತು ಬೇ."

ವ್ಯಾನು ಹತ್ತಿದ. ಡ್ರೈವರ್‌ನ ಬೆನ್ನ ಹಿಂದೇ ಕೂತ. ಆ ವ್ಯಾನಿನಲ್ಲಿ ಕಂಡಕ್ಟರ್ ಇಲ್ಲ. ಹಿಂದೆ ಕೂತವರು ತಮ್ಮ ಬಾಡಿಗೆಯನ್ನು ಮುಂದಿನವರ ಕೈಗೆ ಕೊಡಬೇಕು, ಅವರು ಅವರ ಮುಂದಿನವರಿಗೆ, ಹೀಗೆ ಕೈಯಿಂದ ಕೈಗೆ ಡ್ರೈವರ್‌ಗೆ ಮುಟ್ಟಬೇಕು. ಹಿಂದಿನಿಂದ ಒಬ್ಬ ಫಕೀರಪ್ಪನ ಹೆಗಲು ತಟ್ಟಿ ನೋಟು ಕೊಟ್ಟ. ಫಕೀರಪ್ಪ ಕಣ್ಣಿಗೊತ್ತಿಕೊಂಡು ಕಿಸೆಗೆ ಹಾಕಿದ. ಇನ್ನೊಬ್ಬ ಹೆಗಲು ತಟ್ಟಿದ. ಅದನ್ನೂ ಕಣ್ಣಿಗೊತ್ತಿ ಕಿಸೆಗೆ. ಮತ್ತೊಬ್ಬ, ಮಗದೊಬ್ಬ. "ಎಂಥಾ ಧರ್ಮದ ದೇಶಪ್ಪಾ!" ಅಂದುಕೊಂಡು ಒಬ್ಬೊಬ್ಬರಿಗೂ ಹಿಂದೆ ತಿರುಗಿ ಕೈ ಮುಗಿದ. ಅವರೂ ಏನೋ ಅಂದುಕೊಂಡು ತಲೆಯಾಡಿಸಿದರು.

ನಿಲ್ದಾಣ ಬಂತು. ಡ್ರೈವರ್ ತಿರುಗಿ ಬಾಡಿಗೆ ಕೇಳಿದ. "ಕೊಟ್ಟಾಯಿತು!" ಅಂದರು ಎಲ್ಲರೂ. "ಯಾರಿಗೆ?" ಎಲ್ಲರ ಬೆರಳೂ ಒಂದೇ ಕಡೆ ತಿರುಗಿದವು. ಅರಬ್ಬಿಯಲ್ಲಿ ಬೈದರು, ಹಿಂದಿಯಲ್ಲಿ ಬೈದರು, ಮಲಯಾಳದಲ್ಲಿ ಬೈದರು. ಕಿಸೆ ಜಾಲಾಡಿ ತಮ್ಮದನ್ನು ತೆಗೆದುಕೊಂಡು, ಇವನ ಬಾಡಿಗೆಯನ್ನೂ ತೆಗೆದುಕೊಂಡು, ಚೀಲದ ಸಮೇತ ಇಳಿಸಿದರು.

"ಮಂದಿ ರೊಕ್ಕ ಮುಟ್ಟಿದ್ಯೇನಲೇ!" ಫೋನಿನಲ್ಲಿ ಕಿರುಚಿ ಕಿರುಚಿ ನೀಲವ್ವನ ದನಿ ಬಿದ್ದುಹೋಗಿತ್ತು. "ಪೊಲೀಸರು ಒಯ್ದಿದ್ದರ ಏನ್ ಗತಿ? ಯಾರ ರೊಕ್ಕ ನಿನ್ನ ಕೈಗೆ ಬಂದರೂ, ಅದು ಯಾರದೋ ಅವರಿಗೇ ತಿರುಗಿ ಮುಟ್ಟಸು! ಒಂದು ಕಾಸು ನಡುವ ಉಳೀಬಾರದು! ತಿಳೀತೇನು?"

"ತಿಳೀತು ಬೇ."

"ಇನ್ನ ಯಾರ ಜೋಡಿನೂ ಮಾತಾಡಬ್ಯಾಡ. ಸೀದಾ ಅಕ್ಕನ ಮನಿಗೆ ನಡಿ."

ಸೀದಾ ನಡೆದ. ಹೊತ್ತಿಗೆ ಸರಿಯಾಗಿ ಮುಟ್ಟಿದ.

ಅನ್ನಪೂರ್ಣ ತವರಿನ ಹಸಿರು ಸೀರೆ ಉಟ್ಟು ಚಾಪೆಯ ಮೇಲೆ ಕೂತಳು. ಅಕ್ಕಪಕ್ಕದ ಮನೆಯ ಹೆಂಗಸರು ಸೇರಿದರು. ಎದುರಿಗೆ ಸಾವಂತ್ರವ್ವ ಗದ್ದಕ್ಕೆ ಕೈ ಹಚ್ಚಿ ಕೂತಳು. ಭಾವ ಫೋನನ್ನು ಹಣ್ಣಿನ ಬುಟ್ಟಿಗೆ ಆನಿಸಿ ನಿಲ್ಲಿಸಿದ. ಅದರಲ್ಲಿ ನೀಲವ್ವ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

"ತವರಿನವರು ಮೊದಲು," ಅಂದಳು ಸಾವಂತ್ರವ್ವ. "ಏನರ ಐತೇನೋ, ಇಲ್ಲೋ?"

ಫಕೀರಪ್ಪ ಗುಂಡಿ ಬಿಚ್ಚಿ ಇಪ್ಪತ್ತರ ಎರಡು ನೋಟು ತೆಗೆದ. ಅದರ ಮೇಲೆ ಉಳಿದ ಒಂದೊಂದರ ಕಟ್ಟನ್ನೂ ಇಟ್ಟು ಅಕ್ಕನ ಉಡಿಗೆ ಹಾಕಿದ. ಉಡಿ ತುಂಬಿತು. ಸಾವಂತ್ರವ್ವನ ಬಾಯಿ ಮುಚ್ಚಿತು. ಲಕ್ಷ್ಮೇಶ್ವರದಲ್ಲಿ ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ದಿನ ಮೊದಲ ಸಲ ಮಗನನ್ನು "ನನ್ನಪ್ಪಾ" ಅಂದಳು.

ಆಮೇಲೆ ಉಳಿದ ಹೆಂಗಸರು ಒಬ್ಬೊಬ್ಬರೇ ಬಂದು ಅಕ್ಕಿ ಹಾಕಿದರು, ಕಾಯಿ ಹಾಕಿದರು, ನೋಟು ಹಾಕಿದರು. ಸಾವಂತ್ರವ್ವನೂ ಹಾಕಿದಳು. ಉಡಿ ಭಾರವಾಯಿತು.

"ತಮ್ಮಾ, ಸ್ವಲ್ಪ ಈ ರೊಕ್ಕ ಹಿಡಕೋ" ಅಂದಳು ಅನ್ನಪೂರ್ಣ. ಉಡಿಯಲ್ಲಿದ್ದ ನೋಟುಗಳನ್ನೆಲ್ಲ ಅವನ ಕೈಗೆ ಕೊಟ್ಟಳು.

ಫಕೀರಪ್ಪ ನೋಟು ನೋಡಿದ. ಹೆಂಗಸರನ್ನು ನೋಡಿದ. ಎದ್ದ.

"ಇದು ನಿಮ್ಮದರಿ, ತಗೋರಿ. ಇದು ನಿಮ್ಮದು. ಅಕ್ಕಾರ, ಇದು ನಿಮ್ಮದು."

ಹೆಂಗಸರು ಮುಖ ಮುಖ ನೋಡಿಕೊಂಡರು.

"ಏ, ಏ! ಹಾಕಿದ ಮುಯ್ಯಿ ಮಾರಿಗೆ ತಿರುಗಿ ಒಗೀತಾರೇನೋ?" ಸಾವಂತ್ರವ್ವ ಎದ್ದು ನಿಂತಳು. "ನಮ್ಮ ರೊಕ್ಕ ನಿಮಗ ಮೈಲಿಗಿ ಏನು?"

"ಇದು ನಿಮ್ಮದರಿ ಅತ್ತಿ. ಅವ್ವ ಹೇಳ್ಯಾಳ. ಒಂದು ಕಾಸು ನಡುವ ಉಳೀಬಾರದಂತ."

"ನಾ ಹೇಳಿಲ್ಲಲೇ!" ಫೋನಿನೊಳಗಿಂದ ನೀಲವ್ವ. "ನಾ ಹಂಗ ಹೇಳಿಲ್ಲಲೇ! ಉಡ್ಯಾಗ ಹಾಕಲೇ! ಎಲ್ಲಾ ಉಡ್ಯಾಗ ಹಾಕು!"

ಎಲ್ಲರದೂ ಮುಟ್ಟಿತು. ಫಕೀರಪ್ಪನ ಕೈಯಲ್ಲಿ ತವರಿನ ಮುಯ್ಯಿ ಮಾತ್ರ ಉಳಿಯಿತು. ಇದನ್ನು ಕೊಟ್ಟವರು ಯಾರು? ಅವ್ವ. ಅವ್ವ ಎಲ್ಲಿದ್ದಾಳೆ? ಇಲ್ಲೇ, ಹಣ್ಣಿನ ಬುಟ್ಟಿಯ ಹತ್ತಿರ.

ಫೋನಿನ ಮುಂದೆ ಮೊಣಕಾಲೂರಿ ಕೂತ. ಇಪ್ಪತ್ತರ ನೋಟನ್ನು ಅವ್ವನ ಮುಖದ ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತಿದ.

ಲಕ್ಷ್ಮೇಶ್ವರದಲ್ಲಿ ನೀಲವ್ವನಿಗೆ ಮಗಳು ಕಾಣಲಿಲ್ಲ, ಹಸಿರು ಸೀರೆ ಕಾಣಲಿಲ್ಲ, ಉಡಿ ಕಾಣಲಿಲ್ಲ. ಅರಬ್ಬಿ ಅಕ್ಷರದ ಒಂದು ನೋಟು ಮಾತ್ರ ಫೋನಿನ ತುಂಬ ಕಂಡಿತು. ಅದರ ಹಿಂದೆ ಸಾವಂತ್ರವ್ವ ನಗುವುದು ಕೇಳಿಸಿತು.

"ತಗಿಯಲೇ ಅದನ್ನ! ನನ್ನ ಮಗಳ ಮಾರಿ ತೋರಸಲೇ!"

"ಮೊದಲ ಇಸ್ಕೋಬೇ," ಅಂದ ಫಕೀರಪ್ಪ, ಇನ್ನೊಂದು ನೋಟು ಒತ್ತುತ್ತ. "ಆಮ್ಯಾಲ ತೋರಸ್ತೀನಿ. ಆಗಿಂದ ಹಿಡದು ಕೂತೀನಿ, ಯಾಕಬೇ ಇಸ್ಕೋವಲ್ಲಿ?"